ಸೊನ್ನೆಗೂ ಒಂದಕ್ಕೂ ಏನು ವ್ಯತ್ಯಾಸ: ಕಂಪ್ಯೂಟರ್ ಗುರುತು ಹಿಡಿಯಲು ಕಲಿಯುವ ಬಗೆ

ಅಂಗಡಿಯ ನಾಮಫಲಕದತ್ತ ಮೊಬೈಲ್ ಕ್ಯಾಮೆರಾ ಹಿಡಿದರೆ ಅದರ ಮೇಲಿನ ಕನ್ನಡ ಬರಹವನ್ನು ಫೋನು ಓದಿ ಹೇಳುತ್ತದೆ. ಫೋನಿನಲ್ಲಿ ತುಂಬಿಕೊಂಡ ಸಾವಿರಾರು ಫೋಟೊಗಳಲ್ಲಿ ಅಜ್ಜಿಯ ಮುಖವಿರುವವು ಮಾತ್ರ ತಾವಾಗಿಯೇ ಒಂದೆಡೆ ಸೇರಿಕೊಳ್ಳುತ್ತವೆ. ಇವೆಲ್ಲ ದಿನದ ಬಳಕೆಗೆ ಬಂದು ಕೆಲವು ವರ್ಷಗಳಾದವು. 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಇದೇ ವಿದ್ಯೆಯ ತಳಹದಿಯ ಕೆಲಸಕ್ಕಾಗಿ ಸಂದಾಗ, ‘ಯಂತ್ರ ಕಲಿಯುತ್ತದೆ’ ಎಂಬ ಮಾತು ಪತ್ರಿಕೆಗಳ ಮುಖಪುಟಕ್ಕೂ ಬಂತು. ಆದರೆ ಲೆಕ್ಕ ಮಾಡುವುದರ ಹೊರತು ಬೇರೇನೂ ಗೊತ್ತಿಲ್ಲದ ಯಂತ್ರವೊಂದು ಕಲಿಯುವುದೆಂದರೆ ಏನು, ಕಲಿತದ್ದು ಅದರೊಳಗೆ ಎಲ್ಲಿ ಉಳಿಯುತ್ತದೆ, ಹಾಗೆ ಉಳಿದದ್ದನ್ನು ‘ಪರಿಕಲ್ಪನೆ’ ಎಂದು ಕರೆಯಬಹುದೇ ಎಂಬುದನ್ನು ಗಣಿತದ ಹಿನ್ನೆಲೆಯಿಲ್ಲದವರಿಗೂ ಹಂತಹಂತವಾಗಿ ಬಿಡಿಸಿ ಹೇಳಲು ಸಾಧ್ಯವಿದೆ. ಅದಕ್ಕೆ ಬೇಕಾದದ್ದು ಕೂಡುವುದು, ಕಳೆಯುವುದು ಮತ್ತು ಸ್ವಲ್ಪ ತಾಳ್ಮೆ.

ಎರಡು ಪದಗಳ ಅರ್ಥ

‘ಪ್ಯಾಟರ್ನ್’ ಎಂಬುದನ್ನು ಕನ್ನಡದಲ್ಲಿ ‘ಮಾದರಿ’ ಎನ್ನುವುದುಂಟು. ಆದರೆ ‘ಮಾಡೆಲ್’, ‘ಸ್ಯಾಂಪಲ್’ ಎರಡಕ್ಕೂ ಅದೇ ಪದವನ್ನು ಬಳಸುವ ರೂಢಿಯಿರುವುದರಿಂದ, ಗೊಂದಲ ಬೇಡವೆಂದು ಇಲ್ಲಿ ‘ವಿನ್ಯಾಸ’ ಎಂದಿಟ್ಟುಕೊಳ್ಳೋಣ. ಬೇರೆ ಬೇರೆ ವಸ್ತುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದೇ ಬಗೆಯ ಜೋಡಣೆಯೇ ವಿನ್ಯಾಸ. ಮನೆಯ ಮುಂದಿನ ಚುಕ್ಕಿ ರಂಗೋಲಿಯನ್ನು ಒಬ್ಬರು ದೊಡ್ಡದಾಗಿ ಬಿಡಿಸಿರಬಹುದು, ಇನ್ನೊಬ್ಬರು ಅವಸರದಲ್ಲಿ ಗೆರೆ ಸೊಟ್ಟಗೆ ಎಳೆದಿರಬಹುದು. ನೋಡಿದವರು ಎರಡನ್ನೂ ಅದೇ ರಂಗೋಲಿ ಎಂದು ಗುರುತಿಸುತ್ತಾರೆ.

ಪರಿಕಲ್ಪನೆ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ‘ಹಸು’ ಎಂಬ ಪರಿಕಲ್ಪನೆ ಇರುವವರು ಕುಳ್ಳಗಿನ ಮಲೆನಾಡು ಗಿಡ್ಡವನ್ನೂ ನೀಳ ಕೊಂಬಿನ ಅಮೃತಮಹಲನ್ನೂ ಒಂದೇ ಗುಂಪಿಗೆ ಸೇರಿಸುತ್ತಾರೆ, ಪಕ್ಕದಲ್ಲೇ ನಿಂತ ಎಮ್ಮೆಯನ್ನು ಹೊರಗಿಡುತ್ತಾರೆ ಮತ್ತು ಮೊದಲ ಬಾರಿ ಕಂಡ ಹಸುವಿನ ಬಗ್ಗೆಯೂ ಅದು ಹುಲ್ಲು ಮೇಯುತ್ತದೆ, ಕರು ಹಾಕುತ್ತದೆ ಎಂದು ಊಹಿಸುತ್ತಾರೆ. ಒಳಗೆ ಸೇರಿಸುವುದು, ಹೊರಗಿಡುವುದು, ಕಾಣದ್ದನ್ನು ಊಹಿಸುವುದು ಎಂಬ ಮೂರು ಕೆಲಸಗಳನ್ನೂ ಮಾಡುವ ಒಳಗಿನ ಗುರುತನ್ನು ಪರಿಕಲ್ಪನೆ ಎನ್ನಬಹುದು.

ನಿಯಮ ಬರೆದುಕೊಟ್ಟರೆ ಸಾಲದೇ?

ಉದಾಹರಣೆಗೆ ಕನ್ನಡದ ಎರಡು ಅಂಕಿಗಳನ್ನೇ ತೆಗೆದುಕೊಳ್ಳೋಣ: ೦ ಮತ್ತು ೧. (ಕಂಪ್ಯೂಟರಿನ ಒಳಗೆ ಎಲ್ಲವೂ ಸೊನ್ನೆ, ಒಂದುಗಳಲ್ಲಿರುತ್ತದೆ ಎಂಬ ಮಾತಿಗೂ ಇದಕ್ಕೂ ಸಂಬಂಧವಿಲ್ಲ, ಇಲ್ಲಿ ನಾವು ಕಾಗದದ ಮೇಲೆ ಬರೆದ ಅಂಕಿಯ ಆಕಾರವನ್ನು ಕುರಿತು ಮಾತನಾಡುತ್ತಿದ್ದೇವೆ.) ಸೊನ್ನೆ ಪೂರ್ತಿ ಮುಚ್ಚಿದ ಸುತ್ತು, ಒಂದು ಕೆಳಗೆ ಬಾಯಿ ತೆರೆದ ಸುತ್ತು. ನಮಗೆ ಇಷ್ಟು ಹೇಳಿದರೆ ಸಾಕು.

ಕಂಪ್ಯೂಟರಿಗೆ ಸುತ್ತೂ ಕಾಣುವುದಿಲ್ಲ, ಬಾಯಿಯೂ ಕಾಣುವುದಿಲ್ಲ. ಅಡ್ಡ 28, ಉದ್ದ 28 ಚೌಕಳಿಗಳಿರುವ ಚಿತ್ರವೆಂದರೆ ಅದರ ಪಾಲಿಗೆ 784 ಸಂಖ್ಯೆಗಳ ಒಂದು ಪಟ್ಟಿ ಅಷ್ಟೇ. ಪ್ರತಿ ಸಂಖ್ಯೆಯೂ ಆಯಾ ಚೌಕಳಿ ಎಷ್ಟು ಕಪ್ಪು, ಎಷ್ಟು ಬಿಳಿ ಎಂಬುದನ್ನು ಹೇಳುತ್ತದೆ. ಈ ಚೌಕಳಿಗಳಿಗೆ ಪಿಕ್ಸೆಲ್ ಎಂದು ಹೆಸರು. ‘ಸುತ್ತು ಮುಚ್ಚಿದ್ದರೆ ಸೊನ್ನೆ’ ಎಂಬ ನಿಯಮವನ್ನು ಸಂಖ್ಯೆಗಳ ಭಾಷೆಗೆ ಇಳಿಸಿ ಬರೆಯುವುದು ಅಸಾಧ್ಯವೇನಲ್ಲ. ಆದರೆ ಪೆನ್ನಿನ ಶಾಯಿ ನಡುವೆ ಹಿಡಿದು ಸೊನ್ನೆಯಲ್ಲಿ ಬಿರುಕು ಬಿದ್ದರೆ, ಅವಸರದಲ್ಲಿ ಬರೆದ ಒಂದರ ಎರಡು ತುದಿಗಳು ತಾಗಿಬಿಟ್ಟರೆ, ಅಂಕಿಯನ್ನು ಚೌಕದ ಮೂಲೆಯಲ್ಲಿ ಸಣ್ಣದಾಗಿ ಬರೆದಿದ್ದರೆ ಪ್ರತಿಯೊಂದಕ್ಕೂ ಹೊಸ ಉಪನಿಯಮ ಬೇಕಾಗುತ್ತದೆ, ಉಪನಿಯಮಗಳು ಒಂದಕ್ಕೊಂದು ಅಡ್ಡಬರತೊಡಗುತ್ತವೆ. ನಾವು ಬಾಯಲ್ಲಿ ಹೇಳಬಲ್ಲ ನಿಯಮಕ್ಕಿಂತ ನಮ್ಮ ಕಣ್ಣು ಬಳಸುವ ನಿಯಮ ಬಹಳ ದೊಡ್ಡದು. ಅದನ್ನು ಪೂರ್ತಿಯಾಗಿ ಬರೆದುಕೊಡಬಲ್ಲವರು ಯಾರೂ ಇಲ್ಲ. ಆದ್ದರಿಂದ ನಿಯಮವನ್ನು ಕೊಡುವ ಬದಲು ಉದಾಹರಣೆಗಳನ್ನು ಕೊಟ್ಟು, ನಿಯಮವನ್ನು ಯಂತ್ರವೇ ಹುಡುಕಿಕೊಳ್ಳುವಂತೆ ಮಾಡುವ ದಾರಿಯನ್ನು ಹಿಡಿಯಲಾಯಿತು.

ಎರಡು ತಪ್ಪಿನಲ್ಲಿ ಮುಗಿಯುವ ಪಾಠ

ಅಮೆರಿಕದ ಮನೋವಿಜ್ಞಾನಿ ಫ್ರಾಂಕ್ ರೋಸೆನ್‌ಬ್ಲಾಟ್ 1958ರಲ್ಲಿ ವಿವರಿಸಿದ ‘ಪರ್ಸೆಪ್ಟ್ರಾನ್’ ಈ ದಾರಿಯ ಅತ್ಯಂತ ಸರಳ ರೂಪ. ಅದು ಕೆಲಸ ಮಾಡುವುದನ್ನು ಕಾಗದದ ಮೇಲೆಯೇ ನೋಡಬಹುದು.

784 ಚೌಕಳಿಗಳ ಬದಲು ಮೂರೇ ಜಾಗಗಳನ್ನು ಗಮನಿಸೋಣ: ಅಂಕಿಯ ತಲೆ, ಪಕ್ಕ ಮತ್ತು ತಳ. ಆ ಜಾಗದಲ್ಲಿ ಶಾಯಿ ಇದ್ದರೆ 1, ಇಲ್ಲದಿದ್ದರೆ 0 ಎಂದು ಬರೆಯೋಣ. ಆಗ ಸೊನ್ನೆಯ ಚಿತ್ರ 1, 1, 1 ಎಂದಾಗುತ್ತದೆ. ತಳದಲ್ಲಿ ಬಾಯಿ ತೆರೆದಿರುವ ಒಂದರ ಚಿತ್ರ 1, 1, 0 ಎಂದಾಗುತ್ತದೆ. ಪ್ರತಿ ಜಾಗದ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಸೂಚಿಸುವ ಒಂದೊಂದು ಸಂಖ್ಯೆ ಯಂತ್ರದ ಬಳಿ ಇರುತ್ತದೆ. ಅದಕ್ಕೆ ‘ತೂಕ’ ಎನ್ನುತ್ತಾರೆ. ಯಂತ್ರವು ಪ್ರತಿ ಜಾಗದ ಸಂಖ್ಯೆಯನ್ನು ಅದರ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಮೊತ್ತ ಸೊನ್ನೆಗಿಂತ ಹೆಚ್ಚಿದ್ದರೆ ‘ಇದು ೦’ ಎಂದೂ ಇಲ್ಲದಿದ್ದರೆ ‘ಇದು ೧’ ಎಂದೂ ಹೇಳುತ್ತದೆ.

ಆರಂಭದಲ್ಲಿ ಅದಕ್ಕೆ ಏನೂ ಗೊತ್ತಿಲ್ಲ. ಮೂರು ತೂಕಗಳೂ 0. ಮೊದಲು ಸೊನ್ನೆಯ ಚಿತ್ರ ತೋರಿಸುತ್ತೇವೆ. ಮೊತ್ತ 0 ಬರುವುದರಿಂದ ಅದು ‘೧’ ಎನ್ನುತ್ತದೆ, ತಪ್ಪು. ಸೊನ್ನೆಯನ್ನು ತಪ್ಪಾಗಿ ಹೇಳಿದಾಗ ಆ ಚಿತ್ರದ ಸಂಖ್ಯೆಗಳನ್ನು ತೂಕಗಳಿಗೆ ಕೂಡಬೇಕೆಂಬುದು ತಿದ್ದುವ ಕ್ರಮ. ಈಗ ತೂಕಗಳು 1, 1, 1 ಆದವು. ಮುಂದೆ ಒಂದರ ಚಿತ್ರ ತೋರಿಸುತ್ತೇವೆ. ಮೊತ್ತ 2 ಬರುತ್ತದೆ, ಯಂತ್ರ ‘೦’ ಎನ್ನುತ್ತದೆ, ಮತ್ತೆ ತಪ್ಪು. ಒಂದನ್ನು ತಪ್ಪಾಗಿ ಹೇಳಿದಾಗ ಚಿತ್ರದ ಸಂಖ್ಯೆಗಳನ್ನು ತೂಕಗಳಿಂದ ಕಳೆಯಬೇಕು. ಕಳೆದರೆ ಉಳಿಯುವುದು 0, 0, 1. ಇನ್ನು ಸೊನ್ನೆ ತೋರಿಸಿದರೆ ಮೊತ್ತ 1, ಒಂದು ತೋರಿಸಿದರೆ ಮೊತ್ತ 0, ಎರಡೂ ಸರಿ. ಪಾಠ ಮುಗಿಯಿತು.

ಕೊನೆಗೆ ಉಳಿದ ತೂಕಗಳನ್ನು ಮತ್ತೊಮ್ಮೆ ನೋಡಬೇಕು. ತಲೆಯ ತೂಕವೂ ಪಕ್ಕದ ತೂಕವೂ ಅಳಿಸಿಹೋಗಿ ತಳದ ತೂಕ ಮಾತ್ರ ಉಳಿದಿದೆ. ‘ವ್ಯತ್ಯಾಸವಿರುವುದು ತಳದಲ್ಲಿ’ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎರಡಕ್ಕೂ ಸಮಾನವಾದದ್ದು ಕೂಡಿ ಕಳೆಯುವಾಗ ತಾನಾಗಿಯೇ ಸವೆದುಹೋಗಿ, ಬೇರೆಯಾದದ್ದು ನಿಂತಿತು. ಇಂದಿನ ದೈತ್ಯ ಯಂತ್ರಗಳಲ್ಲಿ ತೂಕಗಳ ಸಂಖ್ಯೆ ಕೋಟಿಗಳನ್ನು ದಾಟಿದ್ದರೂ, ತಿದ್ದುವ ಗಣಿತ ಹೆಚ್ಚು ಸೂಕ್ಷ್ಮವಾಗಿದ್ದರೂ, ‘ಕಲಿಯುವುದು’ ಎಂಬ ಮಾತಿನ ತಿರುಳು ಇಷ್ಟೇ: ಉತ್ತರ ಕೊಡುವುದು, ತಪ್ಪೆಷ್ಟು ಎಂದು ತಿಳಿಯುವುದು, ತಪ್ಪು ಕಡಿಮೆಯಾಗುವ ಕಡೆಗೆ ತೂಕಗಳನ್ನು ಸ್ವಲ್ಪ ಸರಿಸುವುದು. ತಂಬೂರಿಯ ಶ್ರುತಿ ಸೇರಿಸುವವರು ಬಿರಡೆಯನ್ನು ಒಂದಿಷ್ಟೇ ತಿರುವಿ, ತಂತಿ ಮೀಟಿ ಕೇಳಿ, ಮತ್ತೆ ತಿರುವುವ ಹಾಗೆ. ರೋಸೆನ್‌ಬ್ಲಾಟ್ ಅವರ ‘ಮಾರ್ಕ್ 1’ ಯಂತ್ರದಲ್ಲಿ ಇದು ಹೋಲಿಕೆಯಷ್ಟೇ ಆಗಿರಲಿಲ್ಲ. ಬೆಳಕನ್ನು ಗ್ರಹಿಸುವ 400 ಕೋಶಗಳಿದ್ದ ಆ ಯಂತ್ರದಲ್ಲಿ ತೂಕಗಳೆಂದರೆ ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯಂಥ ಸಾಧನಗಳೇ ಆಗಿದ್ದು, ಕಲಿಯುವಾಗ ಅವುಗಳನ್ನು ಸಣ್ಣ ವಿದ್ಯುತ್ ಮೋಟಾರುಗಳು ತಿರುಗಿಸುತ್ತಿದ್ದವು.

ಮೆಟ್ಟಿಲ ದೀಪದ ತೊಡಕು

ಪರ್ಸೆಪ್ಟ್ರಾನಿಗೆ ಒಂದು ದೊಡ್ಡ ಮಿತಿಯಿತ್ತು. ಮಹಡಿ ಮನೆಯ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಇರುತ್ತದೆ. ಎರಡರಲ್ಲಿ ಯಾವುದಾದರೂ ಒಂದನ್ನು ಮಾತ್ರ ಒತ್ತಿದ್ದರೆ ದೀಪ ಹತ್ತುತ್ತದೆ. ಎರಡನ್ನೂ ಒತ್ತಿದ್ದರೆ ಆರುತ್ತದೆ. ಯಾವುದನ್ನೂ ಒತ್ತದಿದ್ದರೆ ಹತ್ತಿರುವುದಿಲ್ಲ. ಎರಡು ಸ್ವಿಚ್ಚುಗಳನ್ನು ನೋಡಿ ‘ದೀಪ ಹತ್ತಿದೆಯೇ’ ಎಂದು ಹೇಳಲು ಪರ್ಸೆಪ್ಟ್ರಾನಿಗೆ ಕಲಿಸಲು ಹೊರಟರೆ, ಎಷ್ಟು ಸಾವಿರ ಬಾರಿ ತಿದ್ದಿದರೂ ಅದು ಕಲಿಯುವುದಿಲ್ಲ. ಕೆಳಗಿನ ಸ್ವಿಚ್ ಒಂದೇ ಮೊತ್ತವನ್ನು ಮಿತಿ ದಾಟಿಸಬೇಕು, ಮೇಲಿನದೂ ಒಂಟಿಯಾಗಿ ದಾಟಿಸಬೇಕು. ಹಾಗಿದ್ದ ಮೇಲೆ ಎರಡೂ ಸೇರಿದಾಗ ಮೊತ್ತ ಮಿತಿಯನ್ನು ಇನ್ನಷ್ಟು ದಾಟಲೇಬೇಕಲ್ಲವೇ? ಆದರೆ ಆಗ ದೀಪ ಆರಿರಬೇಕು. ಬರೀ ಕೂಡುವ ಯಂತ್ರ ಇಲ್ಲಿ ಸಿಕ್ಕಿಬೀಳುತ್ತದೆ. ಮಾರ್ವಿನ್ ಮಿನ್ಸ್ಕಿ ಮತ್ತು ಸೇಮೂರ್ ಪ್ಯಾಪರ್ಟ್ 1969ರಲ್ಲಿ ಇಂಥ ಮಿತಿಗಳನ್ನು ಗಣಿತದ ಮೂಲಕ ತೋರಿಸಿಕೊಟ್ಟರು.

ಇದಕ್ಕೆ ಪರಿಹಾರ ನಡುವೆ ಇನ್ನೊಂದು ಪದರವನ್ನು ಇಡುವುದು. ನಡುವಿನ ಪದರದಲ್ಲಿ ಇಬ್ಬರು ಗಮನಿಸುವವರಿದ್ದಾರೆ ಎನ್ನೋಣ. ಒಬ್ಬರು ‘ಒಂದಾದರೂ ಸ್ವಿಚ್ ಒತ್ತಿದೆಯೇ’ ಎಂಬುದನ್ನು ಮಾತ್ರ, ಇನ್ನೊಬ್ಬರು ‘ಎರಡೂ ಒತ್ತಿವೆಯೇ’ ಎಂಬುದನ್ನು ಮಾತ್ರ ನೋಡುತ್ತಾರೆ. ಎರಡೂ ಪರ್ಸೆಪ್ಟ್ರಾನ್ ಮಾಡಬಲ್ಲ ಕೆಲಸಗಳೇ. ಕೊನೆಯ ಪದರವು ಮೊದಲನೆಯವರ ಮಾತಿಗೆ ಕೂಡುವ ತೂಕ, ಎರಡನೆಯವರ ಮಾತಿಗೆ ಕಳೆಯುವ ತೂಕ ಕೊಟ್ಟರೆ ದೀಪದ ಲೆಕ್ಕ ಸರಿಹೋಗುತ್ತದೆ. ‘ಒಂದಾದರೂ’, ‘ಎರಡೂ’ ಎಂಬ ನಡುವಿನ ಗುರುತುಗಳು ಸ್ವಿಚ್ಚುಗಳಲ್ಲೂ ಇಲ್ಲ, ನಾವು ಕೇಳಿದ ಉತ್ತರದಲ್ಲೂ ಇಲ್ಲ. ಸ್ವಿಚ್ಚುಗಳಿಂದ ದೀಪಕ್ಕೆ ಹೋಗುವ ದಾರಿಯಲ್ಲಿ ಅವು ಬೇಕಾದವು, ಅಷ್ಟೇ. ಪರಿಕಲ್ಪನೆಯ ಮೊಳಕೆ ಇರುವುದು ಇಲ್ಲಿಯೇ. ಹೀಗೆ ಪದರಗಳಾಗಿ ಜೋಡಿಸಿದ ರಚನೆಗೆ, ಮೆದುಳಿನ ನರಕೋಶಗಳ ದೂರದ ಹೋಲಿಕೆಯಿಂದ, ನರಜಾಲ ಅಥವಾ ನ್ಯೂರಲ್ ನೆಟ್‌ವರ್ಕ್ ಎಂಬ ಹೆಸರು ಬಂದಿದೆ.

ಆದರೆ ನಡುವಿನವರನ್ನು ತಿದ್ದುವುದು ಹೇಗೆ? ಕೊನೆಯ ಉತ್ತರ ತಪ್ಪೆಂದು ನಮಗೆ ಗೊತ್ತಾಗುತ್ತದೆ. ತಪ್ಪು ನಡುವಿನ ಯಾರದು, ಎಷ್ಟು ಎಂಬುದು ಗೊತ್ತಾಗುವುದಿಲ್ಲ. ಮದುವೆ ಮನೆಯ ಸಾರು ಉಪ್ಪಾಯಿತು ಎಂದುಕೊಳ್ಳಿ. ಊಟಕ್ಕೆ ಕೂತವರ ದೂರು ಮೊದಲು ಬಡಿಸಿದವರಿಗೆ ಮುಟ್ಟುತ್ತದೆ, ಅವರಿಂದ ಮುಖ್ಯ ಅಡುಗೆಯವರಿಗೆ, ಅವರಿಂದ ಬೇಳೆ ಬೇಯಿಸುವಾಗ ಉಪ್ಪು ಹಾಕಿದವರಿಗೂ ಪುಡಿಯಲ್ಲೇ ಉಪ್ಪು ಬೆರೆಸಿದವರಿಗೂ ಹೋಗುತ್ತದೆ. ಹೆಚ್ಚು ಹಾಕಿದವರು ಮುಂದಿನ ಬಾರಿ ಹೆಚ್ಚು ತಗ್ಗಿಸಬೇಕು, ಚಿಟಿಕೆ ಹಾಕಿದವರು ಚಿಟಿಕೆಯಷ್ಟೇ ತಗ್ಗಿಸಬೇಕು. ಹೀಗೆ ತಪ್ಪಿನ ಹೊಣೆಯನ್ನು ಕೊನೆಯಿಂದ ಮೊದಲಿನವರೆಗೆ ಹಿಂದಕ್ಕೆ ಹಂಚುತ್ತ ಹೋಗುವ ಗಣಿತದ ವಿಧಾನಕ್ಕೆ ‘ಬ್ಯಾಕ್‌ಪ್ರೊಪಗೇಶನ್’ ಎಂದು ಹೆಸರು. ಹಿಮ್ಮುಖ ಹಂಚಿಕೆ ಎಂದು ಅರ್ಥಮಾಡಿಕೊಳ್ಳಬಹುದು. ಅದರ ಗಣಿತ ಮೊದಲೇ ಬೇರೆಯವರ ಕೈಯಲ್ಲಿ ರೂಪುಗೊಂಡಿತ್ತಾದರೂ, ನಡುವಿನ ಪದರಗಳು ಇದರಿಂದ ಉಪಯುಕ್ತ ಗುರುತುಗಳನ್ನು ತಾವೇ ಕಲಿಯುತ್ತವೆ ಎಂದು ಮನಗಾಣಿಸಿದ್ದು 1986ರಲ್ಲಿ ಡೇವಿಡ್ ರುಮೆಲ್‌ಹಾರ್ಟ್, ಜೆಫ್ರಿ ಹಿಂಟನ್ ಮತ್ತು ರೊನಾಲ್ಡ್ ವಿಲಿಯಮ್ಸ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ.

ಗೆರೆಯಿಂದ ಆಕಾರಕ್ಕೆ

ಚಿತ್ರಗಳ ವಿಷಯದಲ್ಲಿ ಪದರಗಳನ್ನು ಹೇಗೆ ಜೋಡಿಸಬೇಕೆಂಬ ಸುಳಿವು ಬಂದದ್ದು ಬೆಕ್ಕಿನ ಮೆದುಳಿನಿಂದ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1950ರ ದಶಕದ ಕೊನೆಯಲ್ಲಿ ಬೆಕ್ಕಿನ ದೃಷ್ಟಿಗೆ ಸಂಬಂಧಿಸಿದ ಒಂದು ನರಕೋಶಕ್ಕೆ ಸೂಕ್ಷ್ಮ ತಂತಿ ತಾಗಿಸಿ, ಪರದೆಯ ಮೇಲೆ ಚುಕ್ಕಿಗಳನ್ನು ತೋರಿಸುತ್ತಿದ್ದರು. ಕೋಶ ಚುಕ್ಕಿಗಳಿಗೆ ಸ್ಪಂದಿಸಲಿಲ್ಲ. ಗಾಜಿನ ಸ್ಲೈಡನ್ನು ಪ್ರೊಜೆಕ್ಟರಿಗೆ ತೂರಿಸುವಾಗ ಅದರ ಅಂಚಿನ ನೆರಳು ಪರದೆಯ ಮೇಲೆ ಸರಿದದ್ದೇ ತಡ, ಕೋಶ ಪಟಪಟನೆ ಸಂಕೇತ ಕಳಿಸಿತು. ಅದಕ್ಕೆ ಬೇಕಿದ್ದದ್ದು ಚುಕ್ಕಿಯಲ್ಲ, ಒಂದು ನಿರ್ದಿಷ್ಟ ಓರೆಯಲ್ಲಿರುವ ಗೆರೆ. ಕಣ್ಣಿನ ಹಿಂದಿನ ಮೊದಲ ಹಂತಗಳು ಸಣ್ಣ ಜಾಗಗಳಲ್ಲಿ ಗೆರೆಗಳನ್ನು ಹುಡುಕುತ್ತವೆ, ಮುಂದಿನವು ಅವುಗಳನ್ನು ಜೋಡಿಸುತ್ತವೆ ಎಂಬ ಈ ಸಂಶೋಧನೆಗೆ 1981ರಲ್ಲಿ ನೊಬೆಲ್ ಬಂತು.

ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ಇದೇ ಕ್ರಮದ ನರಜಾಲವನ್ನು ರೂಪಿಸಿದರು. ಯಾನ್ ಲಕುನ್ ಮತ್ತು ಸಂಗಡಿಗರು 1989ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ, ಅದಕ್ಕೆ ಹಿಮ್ಮುಖ ಹಂಚಿಕೆಯನ್ನು ಸೇರಿಸಿ ಅಮೆರಿಕದ ಅಂಚೆ ಲಕೋಟೆಗಳ ಮೇಲಿನ ಕೈಬರಹದ ಪಿನ್ ಸಂಖ್ಯೆಗಳನ್ನು ಓದಿಸಿದರು. ಇಲ್ಲಿಯ ಮುಖ್ಯ ಉಪಾಯ ಹೀಗಿದೆ: ಕೆಲವೇ ಚೌಕಳಿ ಅಗಲದ ಒಂದು ಪುಟ್ಟ ಕಿಂಡಿಯನ್ನು ಚಿತ್ರದ ಉದ್ದಗಲಕ್ಕೂ ಸರಿಸುತ್ತ ಹೋಗುವುದು, ಎಲ್ಲ ಕಡೆಯೂ ಅದೇ ತೂಕಗಳನ್ನು ಬಳಸುವುದು. ಹಾಗೆ ಮಾಡಿದರೆ ಒಂದು ಮೂಲೆಯಲ್ಲಿ ಕಲಿತ ‘ಓರೆ ಗೆರೆ’ ಎಲ್ಲ ಮೂಲೆಗಳಲ್ಲೂ ಕೆಲಸಕ್ಕೆ ಬರುತ್ತದೆ, ಅಂಕಿಯನ್ನು ಸ್ವಲ್ಪ ಪಕ್ಕಕ್ಕೆ ಬರೆದರೂ ಯಂತ್ರ ದಿಕ್ಕೆಡುವುದಿಲ್ಲ. ಮೊದಲ ಪದರ ಗೆರೆಗಳನ್ನು, ಮುಂದಿನದು ಗೆರೆಗಳು ಕೂಡುವ ಬಾಗು ಮೂಲೆಗಳನ್ನು, ಅದರ ಮುಂದಿನದು ಬಾಗುಗಳಿಂದಾದ ಸುತ್ತುಗಳನ್ನು ಹಿಡಿಯತೊಡಗುತ್ತದೆ. 2012ರಲ್ಲಿ ಇದೇ ಕುಲದ ‘ಅಲೆಕ್ಸ್‌ನೆಟ್’ ಎಂಬ ಜಾಲ, ಸುಮಾರು 12 ಲಕ್ಷ ಚಿತ್ರಗಳಿಂದ 1000 ಬಗೆಯ ವಸ್ತುಗಳನ್ನು ಕಲಿತು, ‘ಇಮೇಜ್‌ನೆಟ್’ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನದವರ ನೂರಕ್ಕೆ 26ರಷ್ಟಿದ್ದ ತಪ್ಪನ್ನು 15ರ ಸುಮಾರಿಗೆ ಇಳಿಸಿದ ಮೇಲೆ ಉಳಿದವರೂ ಇದೇ ದಾರಿಗೆ ಬಂದರು.

ಬಾಯಿಪಾಠವೋ, ಕಲಿಕೆಯೋ?

ತೋರಿಸಿದ ಚಿತ್ರಗಳಿಗೆಲ್ಲ ಸರಿಯುತ್ತರ ಕೊಟ್ಟ ಮಾತ್ರಕ್ಕೆ ಯಂತ್ರ ಕಲಿತಿದೆ ಎನ್ನಲಾಗದು. ಗೈಡಿನ ಉತ್ತರಗಳನ್ನು ಉರು ಹೊಡೆದ ವಿದ್ಯಾರ್ಥಿಯೂ ಗೈಡಿನ ಪ್ರಶ್ನೆಗಳಿಗೆ ಸರಿಯುತ್ತರ ಬರೆಯುತ್ತಾನೆ. ಆದ್ದರಿಂದ ಒಂದಷ್ಟು ಚಿತ್ರಗಳನ್ನು ತರಬೇತಿಯಲ್ಲಿ ತೋರಿಸದೆ ಮುಚ್ಚಿಟ್ಟುಕೊಂಡು, ಪರೀಕ್ಷೆಯನ್ನು ಅವುಗಳಿಂದಲೇ ಮಾಡುವುದು ಈ ಕ್ಷೇತ್ರದ ಕಟ್ಟುನಿಟ್ಟಾದ ಪದ್ಧತಿ. ಇಂಗ್ಲಿಷ್ ಅಂಕಿಗಳಿಗೆ ‘ಎಮ್ನಿಸ್ಟ್’ ಎಂಬ ಪ್ರಸಿದ್ಧ ಸಂಗ್ರಹವಿದೆ. ಅದರಲ್ಲಿ ತರಬೇತಿಗೆ 60,000, ಪರೀಕ್ಷೆಗೆ 10,000 ಚಿತ್ರಗಳು.

ಕನ್ನಡ ಅಂಕಿಗಳಿಗೂ ಅಂಥದೇ ಒಂದು ಸಂಗ್ರಹವನ್ನು ವಿನಯ್ ಉದಯ್ ಪ್ರಭು 2019ರಲ್ಲಿ ಹೊರತಂದರು. ‘ಕನ್ನಡ-ಎಮ್ನಿಸ್ಟ್’ ಎಂಬ ಅದರಲ್ಲಿರುವುದು ಬೆಂಗಳೂರಿನ ಸ್ವಯಂಸೇವಕರು ಕೈಯಾರೆ ಬರೆದ ೦ಯಿಂದ ೯ರವರೆಗಿನ ಅಂಕಿಗಳು. ಅದರ ಜೊತೆಗೆ, ಬೇರೆ ಸಂದರ್ಭದಲ್ಲಿ, ಹೆಚ್ಚಾಗಿ ಕನ್ನಡ ಅಂಕಿಗಳನ್ನು ಬರೆದು ರೂಢಿಯಿಲ್ಲದವರಿಂದ ಬರೆಸಿದ ಸುಮಾರು 10,000 ಚಿತ್ರಗಳ ಇನ್ನೊಂದು ಸಂಗ್ರಹವನ್ನೂ ಅವರು ಕೊಟ್ಟರು. ಸಾಮಾನ್ಯ ಬಳಕೆಯ ಒಂದು ನರಜಾಲಕ್ಕೆ ಮೊದಲ ಸಂಗ್ರಹದಿಂದ ತರಬೇತಿ ಕೊಟ್ಟು ಅದರದೇ ಪರೀಕ್ಷಾ ಚಿತ್ರಗಳನ್ನು ತೋರಿಸಿದಾಗ ನೂರಕ್ಕೆ 96.8 ಉತ್ತರಗಳು ಸರಿಬಂದವು. ಎರಡನೆಯ ಸಂಗ್ರಹವನ್ನು ತೋರಿಸಿದಾಗ 76.1ಕ್ಕೆ ಇಳಿಯಿತು. ಅಂಕಿಗಳು ಅವೇ, ಬರೆದ ಕೈ ಮಾತ್ರ ಬೇರೆ. ೩ ಮತ್ತು ೭, ೬ ಮತ್ತು ೯ ಒಂದನ್ನೊಂದು ಹೋಲುವುದು ನಮಗೂ ಗೊತ್ತಿರುವ ವಿಷಯ. ಬಳಸಿ ರೂಢಿಯಿಲ್ಲದ ಕೈ ಆ ಸಣ್ಣ ವ್ಯತ್ಯಾಸವನ್ನು ಬೇರೆ ರೀತಿಯಲ್ಲಿ ಬರೆಯುತ್ತದೆ. ಯಂತ್ರ ಕಲಿತದ್ದು ‘ಏಳು’ ಎಂಬುದನ್ನಲ್ಲ, ‘ಈ ಗುಂಪಿನವರು ಏಳನ್ನು ಬರೆಯುವ ಬಗೆ’ಯನ್ನು ಎಂದು ಹೇಳುವುದೇ ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ಯಾರೂ ಹೇಳಿಕೊಡದ ‘ತಲೆಮಾರು’

ವಿನ್ಯಾಸವನ್ನು ಗುರುತಿಸುವುದು ಒಂದಾಯಿತು. ಪರಿಕಲ್ಪನೆ ಹುಟ್ಟುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಪ್ರಯೋಗವೆಂದರೆ ಹಿಂಟನ್ 1986ರಲ್ಲಿ ಮಾಡಿದ ವಂಶವೃಕ್ಷದ ಪ್ರಯೋಗ. ಅದು ಇಂದಿನ ಅಳತೆಯಲ್ಲಿ ಅತಿ ಚಿಕ್ಕದು, ಆದರೆ ಅದರಷ್ಟು ತಿಳಿಯಾದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಎರಡು ಕುಟುಂಬಗಳು, ಒಂದು ಇಂಗ್ಲಿಷ್, ಇನ್ನೊಂದು ಇಟಾಲಿಯನ್. ಒಂದೊಂದರಲ್ಲಿ 12 ಜನ. ಎರಡು ವಂಶವೃಕ್ಷಗಳ ಆಕಾರವೂ ಒಂದೇ. ತಂದೆ, ತಾಯಿ, ಗಂಡ, ಹೆಂಡತಿ, ಮಗ, ಮಗಳು, ಅಂಕಲ್, ಆಂಟಿ ಮುಂತಾದ 12 ಸಂಬಂಧಗಳು. ‘ಇಂಥವರ ತಂದೆ ಯಾರು’, ‘ಇಂಥವರ ಆಂಟಿ ಯಾರು’ ಎಂಬ ಬಗೆಯ 104 ಸಂಗತಿಗಳಲ್ಲಿ 100ನ್ನು ಜಾಲಕ್ಕೆ ಕಲಿಸಿ, 4ನ್ನು ಪರೀಕ್ಷೆಗೆ ಉಳಿಸಿಕೊಳ್ಳಲಾಯಿತು. ಜಾಲಕ್ಕೆ ಒಬ್ಬೊಬ್ಬ ವ್ಯಕ್ತಿಯೂ ಬರೀ ಒಂದು ಕ್ರಮಸಂಖ್ಯೆ. ಯಾರು ಹಿರಿಯರು, ಯಾರು ಯಾವ ದೇಶದವರು ಎಂಬುದನ್ನು ಎಲ್ಲೂ ಹೇಳಿರಲಿಲ್ಲ.

ಮುಖ್ಯವಾದ ಸಂಗತಿ ನಡುವಿನ ಇಕ್ಕಟ್ಟು. 24 ಜನರ ಗುರುತನ್ನು ಮುಂದಕ್ಕೆ ಸಾಗಿಸಲು ಜಾಲಕ್ಕೆ ಕೊಟ್ಟದ್ದು 6 ಘಟಕಗಳು (ಮೆಟ್ಟಿಲ ದೀಪದ ಲೆಕ್ಕದಲ್ಲಿ ನಡುವೆ ಇದ್ದ ‘ಗಮನಿಸುವವರ’ ಹಾಗೆ) ಮಾತ್ರ. ಒಬ್ಬೊಬ್ಬರಿಗೂ ಬೇರೆ ಬೇರೆ ಖಾನೆ ಇಡುವಷ್ಟು ಜಾಗವಿದ್ದಿದ್ದರೆ ಅದು ನೂರು ಸಂಗತಿಗಳನ್ನು ಉರು ಹೊಡೆದು ಸುಮ್ಮನಾಗುತ್ತಿತ್ತೇನೋ. ಜಾಗ ಸಾಲದ್ದರಿಂದ, ಹಲವರಿಗೆ ಒಟ್ಟಿಗೆ ಅನ್ವಯಿಸುವ ಗುಣಗಳನ್ನು ಹುಡುಕಿಕೊಳ್ಳದೆ ಅದಕ್ಕೆ ಬೇರೆ ದಾರಿಯಿರಲಿಲ್ಲ. ತರಬೇತಿ ಮುಗಿದ ಮೇಲೆ ಆ ಆರು ಘಟಕಗಳ ತೂಕಗಳನ್ನು ತೆರೆದು ನೋಡಿದಾಗ, ಒಂದು ಘಟಕ ಇಂಗ್ಲಿಷರನ್ನೂ ಇಟಾಲಿಯನ್ನರನ್ನೂ ಬೇರ್ಪಡಿಸುತ್ತಿತ್ತು, ಇನ್ನೊಂದು ವ್ಯಕ್ತಿ ಯಾವ ತಲೆಮಾರಿನವರು ಎಂಬುದನ್ನು ಸೂಚಿಸುತ್ತಿತ್ತು, ಮತ್ತೊಂದು ಕುಟುಂಬದ ಯಾವ ಕವಲಿನವರು ಎಂಬುದನ್ನು. ಕ್ರಿಸ್ಟೋಫರ್ ಎಂಬ ಇಂಗ್ಲಿಷ್ ಅಜ್ಜನಿಗೂ ರೊಬೆರ್ಟೊ ಎಂಬ ಇಟಾಲಿಯನ್ ಅಜ್ಜನಿಗೂ, ದೇಶ ಸೂಚಿಸುವ ಘಟಕವನ್ನು ಬಿಟ್ಟರೆ, ಬಹುಮಟ್ಟಿಗೆ ಒಂದೇ ಗುರುತು ಸಿಕ್ಕಿತ್ತು. ‘ತಲೆಮಾರು’ ಎಂಬ ಪದ ತರಬೇತಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ತಂದೆಯೆಂದರೆ ಒಂದು ತಲೆಮಾರು ಮೇಲೆ, ಮಗಳೆಂದರೆ ಒಂದು ತಲೆಮಾರು ಕೆಳಗೆ ಎಂದುಕೊಂಡರೆ ಹಲವು ಉತ್ತರಗಳು ಒಟ್ಟಿಗೆ ಸರಿಬರುತ್ತವೆ ಎಂಬ ಕಾರಣಕ್ಕೆ ಅದು ಒಳಗೆ ಹುಟ್ಟಿಕೊಂಡಿತು. ಮೊದಲೇ ತೋರಿಸದ ಸಂಗತಿಗಳಿಗೂ ಜಾಲ ಸರಿಯುತ್ತರ ಹೇಳಲು ಸಾಧ್ಯವಾದದ್ದು ಇದರಿಂದಲೇ.

ಕನ್ನಡದಲ್ಲಿ ಬೆಳೆದವರಿಗೆ ಇಲ್ಲೊಂದು ಕುತೂಹಲದ ಅಂಶ ಕಾಣದೆ ಇರದು. ಹಿಂಟನ್ ಅವರ ಪಟ್ಟಿಯಲ್ಲಿ ‘ಅಂಕಲ್’ ಒಂದೇ, ‘ಬ್ರದರ್’ ಒಂದೇ. ನಮ್ಮಲ್ಲಿ ಅಪ್ಪನ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ, ಅಮ್ಮನ ಅಣ್ಣನೂ ತಮ್ಮನೂ ಸೋದರಮಾವ. ಇಂಗ್ಲಿಷ್ ಪಟ್ಟಿಯ ಯಾವ ಪ್ರಶ್ನೆಗೂ ಇಬ್ಬರು ಸೋದರರಲ್ಲಿ ಹಿರಿಯರು ಯಾರು ಎಂಬುದು ಗೊತ್ತಿರಬೇಕಾಗಿಲ್ಲ, ಆದ್ದರಿಂದ ಆ ಜಾಲಕ್ಕೆ ಅದನ್ನು ಕಲಿಯುವ ಕಾರಣವೇ ಇರಲಿಲ್ಲ. ಅದೇ ಪ್ರಯೋಗವನ್ನು ಅಣ್ಣ, ತಮ್ಮ, ಅಕ್ಕ, ತಂಗಿ, ದೊಡ್ಡಪ್ಪ, ಚಿಕ್ಕಪ್ಪಂದಿರ ಕನ್ನಡ ಪಟ್ಟಿಯಿಂದ ಮಾಡಿದರೆ, ಹಿರಿ-ಕಿರಿಯ ಕ್ರಮವನ್ನು ಜಾಲ ಎಲ್ಲಾದರೂ ಹಿಡಿದಿಟ್ಟುಕೊಳ್ಳಲೇಬೇಕು. ಇಲ್ಲವಾದರೆ ಉತ್ತರಗಳು ತಪ್ಪುತ್ತವೆ. ಯಂತ್ರದೊಳಗೆ ಯಾವ ಪರಿಕಲ್ಪನೆ ಹುಟ್ಟುತ್ತದೆ ಎಂಬುದನ್ನು ತೀರ್ಮಾನಿಸುವುದು ಜಗತ್ತು ಹೇಗಿದೆ ಎಂಬುದಷ್ಟೇ ಅಲ್ಲ, ನಾವು ಅದಕ್ಕೆ ಕೇಳುವ ಪ್ರಶ್ನೆಗಳು ಯಾವ ವ್ಯತ್ಯಾಸವನ್ನು ಬೇಡುತ್ತವೆ ಎಂಬುದು.

ಪ್ರಶ್ನೆಯನ್ನು ಮನುಷ್ಯರೇ ಕೇಳಬೇಕೆಂದೂ ಇಲ್ಲ. 2012ರಲ್ಲಿ ಗೂಗಲ್‌ನ ಸಂಶೋಧಕರು ಯೂಟ್ಯೂಬ್ ವಿಡಿಯೊಗಳಿಂದ ತೆಗೆದ 1 ಕೋಟಿ ಚಿತ್ರಗಳನ್ನು, ಯಾವುದರಲ್ಲಿ ಏನಿದೆ ಎಂದು ಹೇಳದೆ, 16,000 ಪ್ರೊಸೆಸರ್ ಕೋರ್‌ಗಳ ಮೇಲೆ ಓಡುವ ಒಂದು ಜಾಲಕ್ಕೆ ಕೊಟ್ಟರು. ನೋಡಿದ ಚಿತ್ರವನ್ನು ಅಡಕವಾಗಿ ಹಿಡಿದಿಟ್ಟುಕೊಂಡು ಮತ್ತೆ ಕಟ್ಟಿಕೊಡುವುದೇ ಅದರ ಕೆಲಸವಾಗಿತ್ತು. ಮೂರು ದಿನಗಳ ತರಬೇತಿಯ ನಂತರ ಅದರ ಒಂದು ಘಟಕ ಬೆಕ್ಕಿನ ಮುಖಗಳಿಗೆ, ಇನ್ನೊಂದು ಮನುಷ್ಯರ ಮುಖಗಳಿಗೆ ಬಲವಾಗಿ ಸ್ಪಂದಿಸುತ್ತಿತ್ತು. ಭಾಷೆಯ ಯಂತ್ರಗಳಲ್ಲಿ ಪ್ರಶ್ನೆ ಇನ್ನೂ ಸರಳ: ಸುತ್ತಲಿನ ಪದಗಳನ್ನು ಕೊಟ್ಟು ಬಿಟ್ಟ ಜಾಗದ ಪದವನ್ನು ಊಹಿಸುವುದು. ‘ಬಿಸಿ ಬಿಸಿ ___ಗೆ ಎಣ್ಣೆಗಾಯಿ ಹಾಕಿಕೊಂಡು ತಿಂದರು’ ಎಂಬಲ್ಲಿ ರೊಟ್ಟಿಯೂ ಚಪಾತಿಯೂ ಕೂರುತ್ತವೆ, ಚಪ್ಪಲಿ ಕೂರುವುದಿಲ್ಲ. ಇಂಥ ಲಕ್ಷಾಂತರ ವಾಕ್ಯಗಳ ನಂತರ ರೊಟ್ಟಿ ಮತ್ತು ಚಪಾತಿಗಳ ಒಳಗಿನ ಸಂಖ್ಯೆಗಳು ಒಂದಕ್ಕೊಂದು ಹತ್ತಿರ ಸರಿದಿರುತ್ತವೆ.

ಹಿಮ ಕಂಡರೆ ತೋಳ

ಒಳಗೆ ಹುಟ್ಟಿದ ಗುರುತು ನಮ್ಮ ಮನಸ್ಸಿನಲ್ಲಿದ್ದದ್ದೇ ಆಗಿರಬೇಕೆಂಬ ಖಾತ್ರಿಯಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕೊ ರಿಬೇರೊ ಮತ್ತು ಸಂಗಡಿಗರು 2016ರಲ್ಲಿ ಇದನ್ನು ತೋರಿಸಲೆಂದೇ ಒಂದು ಯಂತ್ರವನ್ನು ಬೇಕೆಂತಲೇ ಕೆಡಿಸಿ ಕಲಿಸಿದರು. ತೋಳ ಮತ್ತು ಹಸ್ಕಿ ಜಾತಿಯ ನಾಯಿಯನ್ನು ಬೇರ್ಪಡಿಸುವುದು ಅದರ ಕೆಲಸ. ತರಬೇತಿಯಲ್ಲಿ ತೋಳಗಳ ಚಿತ್ರಗಳಲ್ಲೆಲ್ಲ ಹಿನ್ನೆಲೆಗೆ ಹಿಮವಿತ್ತು, ನಾಯಿಗಳ ಚಿತ್ರಗಳಲ್ಲಿ ಇರಲಿಲ್ಲ. ಯಂತ್ರ ಕಲಿತದ್ದು ಹಿಮವನ್ನು. ಅದರ ಉತ್ತರಗಳನ್ನು ಮಾತ್ರ ನೋಡಿದ 27 ವಿದ್ಯಾರ್ಥಿಗಳಲ್ಲಿ 10 ಜನ ಈ ಯಂತ್ರವನ್ನು ನಂಬಬಹುದೆಂದರು. ಚಿತ್ರದ ಯಾವ ಭಾಗವನ್ನು ನೋಡಿ ಅದು ಉತ್ತರಿಸುತ್ತಿದೆ ಎಂಬುದನ್ನು ತೋರಿಸಿದ ಮೇಲೆ ಹಾಗೆಂದವರು 3 ಜನ.

ಇದನ್ನು ಯಂತ್ರದ ದಡ್ಡತನವೆಂದು ನಗುವಂತಿಲ್ಲ. ನಮ್ಮ ಮೂರು ಜಾಗಗಳ ಲೆಕ್ಕಕ್ಕೆ ಮರಳಿ ನೋಡಿದರೆ ಕಾರಣ ತಿಳಿಯುತ್ತದೆ. ಎರಡು ಗುಂಪುಗಳಿಗೂ ಸಮಾನವಾದದ್ದು ಸವೆಯುತ್ತದೆ, ಬೇರೆಯಾದದ್ದು ಉಳಿಯುತ್ತದೆ. ಉದಾಹರಣೆಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಹಿಮವೇ ಆಗಿದ್ದರೆ, ತೂಕ ಹೋಗುವುದು ಹಿಮಕ್ಕೇ.

ಒಂದೇ ಬಾರಿ ಕಂಡು ಕಲಿಯುವುದು

ಹಾಗಾದರೆ ಉದಾಹರಣೆಗಳನ್ನು ಆರಿಸಿ ಕೊಡುವುದರಲ್ಲೇ ಕಲಿಕೆಯ ಅರ್ಧ ಗುಟ್ಟಿದೆ. ಪ್ಯಾಟ್ರಿಕ್ ವಿನ್‌ಸ್ಟನ್ 1970ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಗೆ ಬರೆದ ತಮ್ಮ ಪ್ರಬಂಧದಲ್ಲಿ ಇದನ್ನು ಮರದ ತುಂಡುಗಳಿಂದ ಕಟ್ಟಿದ ಕಮಾನಿನ ಮೂಲಕ ತೋರಿಸಿದ್ದರು. ಎರಡು ತುಂಡುಗಳು ನಿಂತಿವೆ, ಮೇಲೊಂದು ಅಡ್ಡ ಮಲಗಿದೆ, ಇದು ಕಮಾನು. ಅವರ ಕಂಪ್ಯೂಟರ್ ಕಾರ್ಯಕ್ರಮಕ್ಕೆ (ಪ್ರೋಗ್ರಾಮಿಗೆ) ಕಮಾನುಗಳ ಜೊತೆಗೆ ‘ಕೂದಲೆಳೆಯಲ್ಲಿ ತಪ್ಪಿದ’ ಉದಾಹರಣೆಗಳನ್ನೂ ತೋರಿಸಲಾಗುತ್ತಿತ್ತು. ನಿಂತ ತುಂಡುಗಳು ಒಂದಕ್ಕೊಂದು ಅಂಟಿಕೊಂಡಿರುವ ಚಿತ್ರ ಕೊಟ್ಟು ‘ಇದು ಕಮಾನಲ್ಲ’ ಎಂದರೆ, ಇದ್ದ ವ್ಯತ್ಯಾಸ ಅದೊಂದೇ ಆದ್ದರಿಂದ, ನಡುವೆ ಜಾಗವಿರಲೇಬೇಕೆಂದು ಅದು ಒಂದೇ ಬಾರಿಗೆ ಕಲಿಯುತ್ತಿತ್ತು. ಎಮ್ಮೆಯನ್ನು ತೋರಿಸಿ ‘ಇದು ಹಸುವಲ್ಲ’ ಎಂದು ಮಗುವಿಗೆ ಹೇಳುವವರು ಮಾಡುವುದೂ ಇದನ್ನೇ. ಆದರೆ ಆ ಕಾರ್ಯಕ್ರಮಕ್ಕೆ ‘ನಿಂತಿದೆ’, ‘ಮೇಲಿದೆ’, ‘ತಾಗಿದೆ’ ಎಂಬ ಗುರುತುಗಳನ್ನು ಮೊದಲೇ ಕೈಯಾರೆ ಬರೆದುಕೊಡಬೇಕಾಗಿತ್ತು; ಪಿಕ್ಸೆಲ್‌ಗಳಿಂದ ಅವುಗಳನ್ನು ತಾನೇ ಕಟ್ಟಿಕೊಳ್ಳಬಲ್ಲ ಶಕ್ತಿ ಅದಕ್ಕಿರಲಿಲ್ಲ.

ಈ ಎರಡು ದಾರಿಗಳ ನಡುವಿನ ಒಂದು ಪ್ರಯತ್ನದಲ್ಲಿ ಕನ್ನಡ ಲಿಪಿಯೂ ಸೇರಿದೆ. ಬ್ರೆಂಡನ್ ಲೇಕ್, ರುಸ್ಲಾನ್ ಸಲಾಖುತ್ದಿನೊವ್ ಮತ್ತು ಜೋಶುವಾ ಟೆನೆನ್‌ಬಾಮ್ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸಕ್ಕೆ 50 ಲಿಪಿಗಳ 1623 ಅಕ್ಷರಗಳ ಸಂಗ್ರಹವೊಂದು ಆಧಾರ. ಒಂದೊಂದು ಅಕ್ಷರವನ್ನೂ 20 ಜನ ಬರೆದಿದ್ದಾರೆ, ಬರೆಯುವಾಗಿನ ಗೆರೆಗಳ ಕ್ರಮವೂ ದಾಖಲಾಗಿದೆ. ಆ ಲಿಪಿಗಳಲ್ಲಿ ಕನ್ನಡವೂ ಒಂದು. ಹೊಸ ಅಕ್ಷರದ ಒಂದೇ ಒಂದು ಚಿತ್ರ ನೋಡಿ, ಬೇರೆ ಕೈಬರಹಗಳ ನಡುವೆ ಅದನ್ನು ಗುರುತಿಸಬೇಕೆಂಬುದು ಸವಾಲು. ಮನುಷ್ಯರು ಇದನ್ನು ಸುಲಭವಾಗಿ ಮಾಡುತ್ತಾರೆ. ಇವರ ಕಾರ್ಯಕ್ರಮವೂ ಅದರಲ್ಲಿ ಮನುಷ್ಯರಿಗೆ ಸರಿಸಮನಾಗಿ ನಿಂತಿತು, ಏಕೆಂದರೆ ಅದು ಅಕ್ಷರವನ್ನು ಚೌಕಳಿಗಳ ಪಟ್ಟಿಯಾಗಿ ನೋಡದೆ, ಕೈ ಎಲ್ಲಿ ಆರಂಭಿಸಿ, ಹೇಗೆ ಬಾಗಿ, ಎಲ್ಲಿ ನಿಂತಿರಬೇಕು ಎಂದು ಊಹಿಸುತ್ತಿತ್ತು. ಅಂದರೆ ಅಕ್ಷರವೆಂದರೆ ಅದನ್ನು ಬರೆಯುವ ವಿಧಾನ ಎಂದು ತಿಳಿಯುತ್ತಿತ್ತು. ಆ ಬಗೆಯ ಯಂತ್ರದ ಮುಂದೆ ೦ ಮತ್ತು ೧ನ್ನು ಇಟ್ಟರೆ ತಳದ ಚೌಕಳಿಯಲ್ಲಿ ಶಾಯಿ ಇದೆಯೇ ಇಲ್ಲವೇ ಎಂಬುದು ದೊಡ್ಡ ಪ್ರಶ್ನೆಯಾಗದು. ಹೊರಟ ಕಡೆಗೇ ಮರಳುತ್ತಿದ್ದ ಕೈ ಶಾಯಿ ಮುಗಿದು ನಿಂತಿತೇ, ಇಲ್ಲವೇ ಬಾಯಿ ಬಿಟ್ಟೇ ನಿಲ್ಲಲು ಹೊರಟಿತ್ತೇ ಎಂದು ಅದು ಕೇಳಿಕೊಳ್ಳಬೇಕಾಗುತ್ತದೆ.